ಸೆರಗಿನ ಮರೆಯ ಮೀಸೆ

ನನ್ನ ಅಣ್ಣನ ಎಡಮೂಗಿನಲ್ಲಿ ಒಂದು ತೂತಿತ್ತು, ಅದರ ಕೆಳಗೆ ಹುರಿಮಾಡಿದ ದಪ್ಪ ಮೀಸೆ. ಅವನಿಗಿಂತ ಮೊದಲು ಹುಟ್ಟಿದ ಗಂಡುಮಕ್ಕಳು ಉಳಿದಿರಲಿಲ್ಲ. ಅದಕ್ಕೆ ಅವ್ವ ಅವನು ಹುಟ್ಟಿದ ಕೂಡಲೇ ತಿಪ್ಪೆಯ ಮೇಲೆ ಉರುಳಿಸಿ, ಹೆಣ್ಣುಕೂಸೆಂದು ಜವರಾಯ ಮೋಸಹೋಗಲಿ ಎಂದು ಮೂಗು ಚುಚ್ಚಿಸಿದ್ದಳು. ಜವರಾಯನೇನೋ ಮೋಸಹೋದ. ಆದರೆ ಮೂಗುತಿ ಹುಡುಗನ ತಲೆಗೇ ಏರಿತು ಎಂದು ಅಪ್ಪ ಗೊಣಗುತ್ತಿದ್ದ.

ಯಾಕೆಂದರೆ ನಮ್ಮ ಘೋಣಸಗಿಯಲ್ಲಿ ಸುಗ್ಗಿ ಮುಗಿದ ಮೇಲೆ ಆಡುವ ನಾಟಕದಲ್ಲಿ ನಾಯಕಿಯ ಪಾತ್ರ ಅಣ್ಣನದೇ. ಬೇರೆಯವರು ಒತ್ತುಮೂಗುತಿ ಸಿಕ್ಕಿಸಿಕೊಂಡರೆ ಇವನು ಅವ್ವನ ನತ್ತನ್ನೇ ಇಡುತ್ತಿದ್ದ. ಜೋಳದ ಹೊಲದಲ್ಲಿ ಕುಂಟೆ ಹೊಡೆಯುವಾಗಲೂ ಎತ್ತುಗಳಿಗೆ ನಾಯಕಿಯ ಮಾತೇ. "ಪ್ರಾಣಕಾಂತಾ, ಬಲಕ್ಕ ಹೊರಳು" ಎಂದರೆ ಅವು ಹೊರಳುತ್ತಿದ್ದವು. ತಿಕೋಟಾ ಸಂತೆಯಿಂದ ಹೆಂಡತಿಗೆ ಬಳೆ ತರುವುದು ಮರೆತರೂ ತನಗೆ ಪೌಡರು ತರುವುದು ಮರೆಯುತ್ತಿರಲಿಲ್ಲ. ಅತ್ತಿಗೆ ಬೈದರೆ, "ನಾನೂ ಹೆಣಮಗಳ ಅದೇನಿ ಬೇ, ವರ್ಷಕ್ಕೊಮ್ಮ್ಯಾರ!" ಎನ್ನುತ್ತಿದ್ದ.

ಮೀಸೆಯೊಂದೇ ತೊಡಕು. ತಂದೆ ತೀರಿಕೊಂಡಾಗ ಮಾತ್ರ ಮಗ ಮೀಸೆ ತೆಗೆಸಬೇಕೆಂಬುದು ನಮ್ಮ ಕಡೆಯ ಪದ್ಧತಿ. "ನಾ ಇನ್ನೂ ಗುಂಡಕಲ್ಲ ಇದ್ದಂಗ ಇದ್ದೀನಿ. ಮೀಸಿ ಮುಟ್ಟಿದ್ರ ನೋಡ ಮಗನ" ಎಂದು ಅಪ್ಪ ಕಟ್ಟಪ್ಪಣೆ ಮಾಡಿದ್ದ. ಹಾಗಾಗಿ ಅಣ್ಣ ಇಳಕಲ್ ಸೀರೆಯ ಸೆರಗನ್ನು ಬಾಯಿಗೆ ಅಡ್ಡ ಹಿಡಿದೇ ಆಟ ಮುಗಿಸುತ್ತಿದ್ದ. ಗೊತ್ತಿಲ್ಲದ ಪರವೂರಿನವರು, "ಎಷ್ಟ ನಾಚಿಕಿರಿ ಆ ಹೆಣಮಗಳಿಗೆ!" ಎಂದು ಹೊಗಳಿ ಹೋಗುತ್ತಿದ್ದರು.

೧೯೬೦ರ ಆಸುಪಾಸಿನಲ್ಲಿ, ಒಂದು ಸುಗ್ಗಿಯ ಹೊತ್ತಿಗೆ ನಾನು ತವರಿಗೆ ಬಂದೆ. ನನ್ನನ್ನು ಬಬಲೇಶ್ವರಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ ಮೇಲೆ ನನ್ನ ಹಾಸಿಗೆ ದನದ ಕೊಟ್ಟಿಗೆಗೆ ಹೋಗಿತ್ತು. ಇದನ್ನು ಅಪ್ಪನಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಅವನೆದುರು ನಿಂತು ಮಾತಾಡುವ ರೂಢಿ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇರಲಿಲ್ಲ. ನಾಟಕದ ಮರುದಿನ ನನ್ನನ್ನು ವಾಪಸು ಬಿಟ್ಟುಬರುವುದೆಂದು ಅವನು ನಿಶ್ಚಯಿಸಿದ್ದ. ಇನ್ನಷ್ಟು ದಿನ ಇರಲಿ ಎಂದು ಅವ್ವ ಬಾಯಿ ತೆರೆದರೆ, "ಕೊಟ್ಟ ಹೆಣ್ಣು ಕುಲಕ್ಕ ಹೊರಗ" ಎಂಬ ಒಂದೇ ಉತ್ತರ.

ಆ ಸಲ ಅಣ್ಣನದು ತವರಿನಿಂದ ಗಂಡನ ಮನೆಗೆ ಹೊರಡುವ ಮಗಳ ಪಾತ್ರ. ನಡಿಗೆ ಕಲಿಸೆಂದು ನನ್ನನ್ನೇ ಹಿಡಿದುಕೊಂಡ. ಅಂಗಳದಲ್ಲಿ ಕೊಡ ಹೊತ್ತು ನಾನು ಮುಂದೆ, ಅವನು ಹಿಂದೆ.

"ಯಾಕ ಬೇ, ಇಷ್ಟ ಕುಗ್ಗಿ ನಡ್ಯಾಕತ್ತಿ?" ಎಂದು ಕೇಳಿದ.

ಕೊಡ ಇಳಿಸಿ ಎಲ್ಲ ಹೇಳಿಬಿಟ್ಟೆ. ಅಪ್ಪನ ಮುಂದೆ ಅವನ ಮಾತೂ ನಡೆಯುತ್ತಿರಲಿಲ್ಲ, ಅದು ನನಗೆ ಗೊತ್ತು. ಆದರೂ ಸಮಾಧಾನದ ಒಂದು ಮಾತಾಡದೆ ಹೊರಟುಹೋದನಲ್ಲ ಎಂದು ಸಿಟ್ಟು ಬಂತು.

ನಾಟಕದ ದಿನ ಹೆಂಗಸರೆಲ್ಲ ಮಾಳಿಗೆ ಏರಿ ಕೂತಿದ್ದೆವು. ಅಪ್ಪ ಕೆಳಗೆ ಹಿರಿಯರ ಸಾಲಿನಲ್ಲಿದ್ದ. ತಂದೆಯ ಪಾತ್ರ ಊರ ಬಡಿಗನದು. ಅವನು "ಹೋಗಿ ಬಾ ಮಗಳೇ" ಎಂದ ಕೂಡಲೇ ಅಣ್ಣ ಹಾಡು ಎತ್ತಿಕೊಳ್ಳಬೇಕು. ವಿಜಾಪುರದಿಂದ ಬಂದಿದ್ದ ಹಾರ್ಮೋನಿಯಂ ಮಾಸ್ತರರು ಶ್ರುತಿ ಹಿಡಿದರು. ಅಣ್ಣ ಹಾಡಲಿಲ್ಲ. ಬಾಯಿಯ ಮೇಲಿನ ಸೆರಗು ಬಿಟ್ಟ.

"ಯಪ್ಪಾ, ಅಲ್ಲಿ ನನ್ನ ದನದ ಕೊಟ್ಟಿಗ್ಯಾಗ ಮಲಗಸ್ತಾರ. ಎಮ್ಮಿಗೆ ಜಡ್ಡಾದ್ರ ಔಷಧ ತರ್ತಾರ, ನಾ ಜ್ವರಾ ಬಂದು ಬಿದ್ರ ಬಾಗ್ಲಾ ಮುಚ್ಚತಾರ. ಆ ಮನ್ಯಾಗ ಎಮ್ಮಿಗಿದ್ದ ಕಿಮ್ಮತ್ತ ನನಗಿಲ್ಲ. ನಿನ್ನ ಹೊಲದಾಗ ಕಸಾ ತಗದು ಬದುಕ್ತೇನಿ. ನನ್ನ ಕಳಸಬ್ಯಾಡ."

ಬಡಿಗ ಕಕ್ಕಾಬಿಕ್ಕಿಯಾದ. ಅವನಿಗೆ ಬಾಯಿಪಾಠವಾಗಿದ್ದು ಒಂದೇ ಮಾತು. "ಹೋಗಿ ಬಾ ಮಗಳೇ" ಎಂದು ಮತ್ತೆ ಅಂದ.

"ಹೋಗೂದಿಲ್ಲ" ಎಂದ ಅಣ್ಣ.

ಅರದಾಳ ಬಳಿದ ಹಳದಿ ಮುಖ, ನತ್ತು, ಅದರ ಕೆಳಗೆ ಅಷ್ಟು ದೊಡ್ಡ ಮೀಸೆ, ಮೀಸೆಯ ತುಂಬ ಕಣ್ಣೀರು. ಒಬ್ಬರೂ ನಗಲಿಲ್ಲ. ಅಪ್ಪ ಎದ್ದು, ರುಮಾಲು ಸರಿಮಾಡಿಕೊಂಡು, ಯಾರ ಕಡೆಗೂ ನೋಡದೆ ಮನೆಗೆ ನಡೆದ.

ಬೆಳಿಗ್ಗೆ ಬಂಡಿ ಹೂಡಿ ನಿಂತಿತ್ತು. ನನ್ನ ಗಂಟು ಅದರೊಳಗೇ ಇತ್ತು. ಅಪ್ಪ ಹೊರಗೆ ಬಂದು, "ಕೊಳ್ಳ ಹರೀರಿ" ಎಂದ. ಎತ್ತುಗಳನ್ನು ಬಿಚ್ಚಿ ಗೋದಲಿಗೆ ಕಟ್ಟಿದರು. ಆ ವಿಷಯದಲ್ಲಿ ಅವನು ಆಡಿದ್ದು ಅಷ್ಟೇ.

ನನ್ನ ಬದುಕು ದಡ ಹತ್ತಿತು. ವಿಜಾಪುರದ ದವಾಖಾನೆಯಲ್ಲಿ ಹೆರಿಗೆ ಕೆಲಸ ಕಲಿತೆ; ಮಕ್ಕಳಿಲ್ಲದವಳೆನಿಸಿಕೊಂಡ ನಾನು ಊರವರ ಮಕ್ಕಳನ್ನೆಲ್ಲ ಮೊದಲು ಕೈಯಲ್ಲಿ ಹಿಡಿದವಳಾದೆ. ಅಣ್ಣನಿಗೆ ಮಾತ್ರ ನಾಟಕ ತಪ್ಪಿತು. ಆಟ ಕೆಡಿಸಿದವನಿಗೆ ಇನ್ನು ಪಾತ್ರ ಕೊಡಬಾರದೆಂದು ಮಾಸ್ತರರು ಹಟ ಹಿಡಿದರು, ಊರವರೂ ಹೂಂ ಎಂದರು. ಮುಂದಿನ ಸಲ ಜೈನಾಪುರದವನೊಬ್ಬ ನಾಯಕಿಯಾಗಿ ಬಂದ. ಅಣ್ಣ ಜನರ ಹಿಂದೆ ಕಂಬಳಿ ಹೊದ್ದು ಕೂತು, ಅವನು ಮಾತು ಮರೆತಲ್ಲೆಲ್ಲ ತಾನು ತುಟಿ ಅಲುಗಿಸುತ್ತಿದ್ದ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಬಹಳ ವರ್ಷಗಳ ಮೇಲೆ ಅವನು ಹಾಸಿಗೆ ಹಿಡಿದಾಗ ಪಕ್ಕದಲ್ಲಿ ನಾನೇ ಇದ್ದೆ. ತೀರಿಕೊಳ್ಳುವ ಹಿಂದಿನ ದಿನ, ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ಕೇಳಿದ: "ಅವತ್ತ ನನ್ನ ಪಾತ್ರ ಹೆಂಗಾಗಿತ್ತ ಬೇ? ಯಾರೂ ಹೇಳ್ಲೇ ಇಲ್ಲ."

"ಅವತ್ತ ನೀ ಪಾತ್ರ ಎಲ್ಲಿ ಮಾಡಿದಿ ಅಣ್ಣಾ" ಎಂದೆ.

ಅವನ ಮುಖ ಸಪ್ಪಗಾಯಿತು. "ಹಂಗಾರ ಛಲೋ ಆಗಿಲ್ಲ ಅನ್ನು."

ಇಷ್ಟು ವರ್ಷ ಅವನು ಈ ಒಂದು ಮಾತಿಗೆ ಕಾದಿದ್ದನೆಂದು ನನಗೆ ಹೊಳೆದೇ ಇರಲಿಲ್ಲ. ಬಟ್ಟಲು ಕೆಳಗಿಟ್ಟು, "ಛಲೋ ಆಗಿತ್ತಣ್ಣಾ. ಅಂಥಾ ಪಾತ್ರ ಈ ಸೀಮ್ಯಾಗ ಯಾರೂ ಮಾಡಿಲ್ಲ" ಎಂದೆ.

ಅವನು ಗೋಡೆಯ ಕಡೆ ಹೊರಳಿ, "ಹಾಡೊಂದ ಉಳೀತ ನೋಡು" ಎಂದ.