ಬೋರೋಹೈಡ್ರೈಡ್ ಡಬ್ಬಿಯಲ್ಲಿ ಅಕ್ಕಿಗಂಟು

ಸೋಡಿಯಂ ಬೋರೋಹೈಡ್ರೈಡ್ ಬಿಳಿ ಪುಡಿ. ಹೊಟ್ಟೆತುಂಬ ಹೈಡ್ರೋಜನ್ ಇಟ್ಟುಕೊಂಡು ಕೂತಿರುತ್ತದೆ. ಕಾಯಿಸಿದರೆ ಬಿಡುತ್ತದೆ, ಆದರೆ ಮಹಾ ಜಿಪುಣ; ನಾನೂರು ಡಿಗ್ರಿ ದಾಟಬೇಕು. ಕಡಿಮೆ ಬಿಸಿಗೇ ಬಿಡಿಸಿದರೆ ಕಾರು ಓಡಿಸಬಹುದು ಎಂದು ಆ ವರ್ಷಗಳಲ್ಲಿ ಬಹಳ ಜನ ನಂಬಿದ್ದರು. ನೈರೋಬಿಯ ಕಾಲೇಜಿನಲ್ಲಿ ಟ್ಯೂಟರ್ ಆಗಿದ್ದ ನಾನೂ ನಂಬಿದ್ದೆ. ಶುಕ್ರವಾರದ ಸೆಮಿನಾರ್ ಗೆದ್ದರೆ ಪಿಎಚ್‌ಡಿಗೆ ನೋಂದಣಿ; ಸೋತರೆ ಮೊದಲ ವರ್ಷದವರಿಗೆ ಮತ್ತೊಂದು ವರ್ಷ ಟೈಟ್ರೇಶನ್ ಕಲಿಸುವುದು.

ಆ ವಾರ ನನ್ನ ಪುಡಿ ತೊಂಬತ್ತು ಡಿಗ್ರಿಗೇ ಹೈಡ್ರೋಜನ್ ಬಿಟ್ಟು ಗುಳುಗುಳು ಅಂದಿತು. ಒಂಚೂರು ನಿಕ್ಕಲ್ ಬೆರೆಸಿದ್ದೆ. ಕೀರ್ತಿಯನ್ನೆಲ್ಲ ಅದಕ್ಕೆ, ಅಂದರೆ ನನಗೆ, ಕೊಟ್ಟುಕೊಂಡೆ. ಪಂಗಾನಿ ಬಡಾವಣೆಯ ಮನೆಗೆ ಬಂದು ಗಂಡನಿಗೆ ಹೇಳಿದೆ.

"ಹಾಗಾದ್ರೆ ಇನ್ನು ಊರಿನ ಮಟಾಟು ವ್ಯಾನುಗಳೆಲ್ಲಾ ನಿನ್ನ ಪುಡೀಲೇ ಓಡುತ್ತೆ ಅನ್ನು," ಅಂದರು. "ಮೊದಲು ಆ ಸಾರು ಬಿಸಿ ಮಾಡು ನೋಡೋಣ."

ಇಲ್ಲಿಂದ ಮುಂದೆ ನನ್ನ ನೆನಪನ್ನು ನಂಬಬೇಡಿ. ಆ ಪ್ರಯೋಗದಲ್ಲಿದ್ದ ತಪ್ಪನ್ನು ನಾನೇ ಕಂಡುಹಿಡಿದೆ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ನನ್ನದೇ ಡೈರಿಯ ಗುರುವಾರದ ಪುಟ ಬೇರೆಯೇ ಹೇಳುತ್ತದೆ. ಲ್ಯಾಬಿನ ಹಿರಿಯ ಟೆಕ್ನಿಷಿಯನ್ ನನ್ನ ಡಬ್ಬಿಯ ಮುಚ್ಚಳ ತೆಗೆದು, ಒಳಗಿದ್ದ ಬಟ್ಟೆಗಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಮದಾಮ್, ಇದೇನು, ಪಿಲಾವ್ ಮಾಡ್ತೀರಾ?"

"ಅಕ್ಕಿ. ತೇವ ಹೀರಲಿ ಅಂತ. ನಮ್ಮನೇಲಿ ಉಪ್ಪಿನ ಡಬ್ಬಿಗೆ ಹಾಕ್ತೀವಿ."

"ಉಪ್ಪಿಗಾದ್ರೆ ಸವಾ, ಸರಿ. ಇದು ಗಂಜಿಯಾಗಿದೆಯಲ್ಲ!"

ಹೌದು, ಪುಡಿ ಅಂಟಂಟಾಗಿತ್ತು. ಮಳೆಗಾಲದ ಗಾಳಿಯ ನೀರನ್ನು ಅಕ್ಕಿಗಿಂತ ಮೊದಲು ಅದೇ ಕುಡಿದಿತ್ತು. ನೀರು ಸಿಕ್ಕಿದರೆ ಬೋರೋಹೈಡ್ರೈಡ್‌ಗೆ ನಾನೂರು ಡಿಗ್ರಿ ಯಾಕೆ ಬೇಕು? ಅಲ್ಪಸ್ವಲ್ಪ ಬಿಸಿಗೇ ನೀರಿನೊಂದಿಗೆ ಸೇರಿ ಗುಳುಗುಟ್ಟುತ್ತದೆ. ನಿಕ್ಕಲ್ ಅದನ್ನು ಇನ್ನಷ್ಟು ಹುರಿದುಂಬಿಸುತ್ತದೆ. ಬಂದ ಹೈಡ್ರೋಜನ್‌ನಲ್ಲಿ ಅರ್ಧ ಮಳೆಯದ್ದೇ. ನನ್ನ ಆವಿಷ್ಕಾರವೆಂದರೆ ಒದ್ದೆ ಡಬ್ಬಿ.

ಅಕ್ಕಿಗಂಟನ್ನು ಬ್ಯಾಗಿಗೆ ತುರುಕಿ ಸುಮ್ಮನಿದ್ದುಬಿಡಬಹುದಿತ್ತು. ಶುಕ್ರವಾರ ಬೆಳಿಗ್ಗೆಯವರೆಗೂ ಹಾಗೇ ನಿರ್ಧರಿಸಿದ್ದೆ. ಆದರೆ ಸೆಮಿನಾರಿನಲ್ಲಿ ಗಂಟನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಆತ್ಮಸಾಕ್ಷಿ ಎಂದು ನನ್ನ ನೆನಪು. ಟೆಕ್ನಿಷಿಯನ್ ಮೊದಲ ಸಾಲಿನಲ್ಲೇ ಕೂತಿದ್ದರು ಎಂದು ಡೈರಿ.

ನೋಂದಣಿ ಆಗಲಿಲ್ಲ. ಪುಡಿಯನ್ನು ಸರಿಯಾಗಿ ಒಣಗಿಸಿಟ್ಟು ಪ್ರಯೋಗ ಮತ್ತೆ ಮಾಡಿ ಎಂದರು ಪ್ರಾಧ್ಯಾಪಕರು. ಮುಂದಿನ ವಾರ ನಾನೂ ಟೆಕ್ನಿಷಿಯನ್ನೂ ಹೊಸ ಡಬ್ಬಿ ಒಡೆದು, ಅಷ್ಟೇ ನಿಕ್ಕಲ್ ಬೆರೆಸಿ, ತೇವ ತಾಗಿಸದೆ ಕಾಯಿಸಿದೆವು. ತೊಂಬತ್ತು, ನೂರು, ನೂರೈವತ್ತು. ಒಂದು ಗುಳ್ಳೆಯೂ ಇಲ್ಲ.

"ಈಗ ಸರಿಯಾಗಿದೆ, ಮದಾಮ್," ಅಂದರು ಟೆಕ್ನಿಷಿಯನ್, ಬಹಳ ಖುಷಿಯಾಗಿ. ನಾನು ಟೈಟ್ರೇಶನ್ನಿನ ಬ್ಯೂರೆಟ್ ತೊಳೆಯಲು ಹೋದೆ. ಮೊದಲ ವರ್ಷದವರು ಬಾಗಿಲಲ್ಲಿ ಕಾಯುತ್ತಿದ್ದರು.