ಅಬ್ಬಾನ ಗ್ರಿಲ್ಲಿನ ಕಬ್ಬಿಣ

ಈ ಬೆಳಿಗ್ಗೆ ಪಕ್ಕದ ಬಿಲ್ಡಿಂಗಿನಲ್ಲಿ ಹಳೆಯ ಕಿಟಕಿ ಗ್ರಿಲ್ ಕತ್ತರಿಸುತ್ತಿದ್ದರು. ಸುಟ್ಟ ಕಬ್ಬಿಣದ ವಾಸನೆಗೆ ಅಬ್ಬಾನ ಅಂಗೈ ನೆನಪಾಯಿತು.

ವಿಜಯಪುರದಿಂದ ಬಂದ ಅಬ್ಬಾ ಮುಂಬೈಯ ಜೋಗೇಶ್ವರಿಯಲ್ಲಿ ಗ್ರಿಲ್ ಮಾಡುತ್ತಿದ್ದರು. ಎಷ್ಟು ಸೋಪು ಹಚ್ಚಿ ತೊಳೆದರೂ ಅವರ ಕೈಯಿಂದ ಆ ವಾಸನೆ ಹೋಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನನಗೆ ತಿನ್ನಿಸಿದ ತುತ್ತಿನಲ್ಲೂ ಅದೇ ಇರುತ್ತಿತ್ತು. ರವಿವಾರ ನನ್ನನ್ನು ಸುತ್ತಾಡಿಸುವಾಗ ತಾವು ಮಾಡಿದ ಗ್ರಿಲ್ ಕಂಡರೆ ನಿಂತು ತಟ್ಟುತ್ತಿದ್ದರು.

"ಮಾಲು ಮನಿಯವರ್ದು, ಕೆಲಸ ನಂದು."

ನಾನೂ ಎದೆಯುಬ್ಬಿಸಿಕೊಂಡು ತಟ್ಟುತ್ತಿದ್ದೆ.

ಈಗ ನನ್ನ ಓದೆಲ್ಲ ಆದಿಕಾಲದ ನಕ್ಷತ್ರಗಳದ್ದು. ಇವತ್ತು ಚಹಾ ಕುಡಿಯುತ್ತ ಅಬ್ಬಾಗೆ ಹೇಳಿದೆ: "ಜಗತ್ತು ಹುಟ್ಟಿದಾಗ ಕಬ್ಬಿಣನ ಇರಲಿಲ್ಲ ಅಬ್ಬಾ. ಆಮ್ಯಾಲ ಚುಕ್ಕಿಗೋಳ ಹೊಟ್ಟ್ಯಾಗ ತಯಾರಾತು."

ಅಬ್ಬಾ ಕಪ್ಪು ಕೆಳಗಿಟ್ಟು, ನಮ್ಮ ಕಿಟಕಿಯ ಗ್ರಿಲ್ ತಟ್ಟಿದರು.

"ಹಂಗಾದ್ರ ಮಾಲು ಚುಕ್ಕಿಗೋಳ್ದು," ಎಂದರು. "ಕೆಲಸ ನಂದು."