ಗಾಳಿಯಲ್ಲಿ ನಿಂತ ಹೀರೊ, ಅಪ್ಪನ ಕಿವಿ

ನನ್ನದೊಂದು ಕೆಟ್ಟ ಚಟವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮನೆಮಂದಿಯೆಲ್ಲ ಟಿವಿ ಮುಂದೆ ಕೂತಾಗ ನಾನು ಟಿವಿ ನೋಡುವುದಿಲ್ಲ, ನೋಡುವವರ ಮುಖ ನೋಡುತ್ತೇನೆ. ಯಾರ ಬಾಯಿ ಯಾವಾಗ ತೆರೆಯಿತು, ಯಾರು ಅಳು ಬಂದಾಗ ನೆಗಡಿ ಬಂದವರಂತೆ ಮೂಗು ಒರೆಸಿಕೊಂಡರು, ಇದೆಲ್ಲ ನನಗೆ ಕತೆಗಿಂತ ಹೆಚ್ಚು ರುಚಿ. ಕೊಲ್ಹಾಪುರದ ಒಂದು ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷ ಕೂತು ಬಂದ ಚಟವಿರಬೇಕು. ಓದುವವರ ಮುಖ ನೋಡಿಯೇ ಪುಸ್ತಕ ಹೇಗಿದೆಯೆಂದು ಹೇಳುತ್ತೇನೆ. ಪುಸ್ತಕ ಓದಿದ್ದು ಮಾತ್ರ ಅಷ್ಟಕ್ಕಷ್ಟೇ.

ಹಾಗಾಗಿ ಹೋದ ರವಿವಾರ ಇಚಲಕರಂಜಿಯ ತವರುಮನೆಯಲ್ಲಿ ಹೊಸ ಸೂಪರ್‌ಹೀರೊ ಧಾರಾವಾಹಿಯ ಮೊದಲ ಕಂತು ನೋಡಿದೆವು ಎಂದರೆ, ನೋಡಿದವರು ಮೂವರೇ: ಅಪ್ಪ, ಅವ್ವ, ಕಾಲೇಜಿಗೆ ಹೋಗುವ ನನ್ನ ಮಗಳು ಶ್ರೇಯಾ. ಅವಳ ಫೋನಿನಲ್ಲಿ ಎರಡು ದಿನದಿಂದ ಬರೀ ಪ್ರತಿಕ್ರಿಯೆಗಳ ಸುರಿಮಳೆ. ಒಬ್ಬರು ಅಳುವ ಮುಖ ಕಳಿಸಿದ್ದರು, ಇನ್ನೊಬ್ಬರು ಇಷ್ಟುದ್ದದ ವಿಮರ್ಶೆ. ಕತೆ ಬಯಲಾಗುವ ಮೊದಲೇ ನೋಡಬೇಕೆಂದು ಇವಳ ಹಟ. ಅಷ್ಟರಲ್ಲಿ ಗಡಹಿಂಗ್ಲಜದಿಂದ ನನ್ನ ಸೋದರಮಾವನ ಫೋನು. "ನೋಡವಾ, ಹುಡುಗ ಬಿಲ್ಡಿಂಗ್ ಮ್ಯಾಲಿಂದ ಬೀಳತಾನ. ಹೆದರಬ್ಯಾಡ್ರಿ, ಸಾಯೂದಿಲ್ಲ. ಇನ್ನೂ ಏಳ ಕಂತ ಬಾಕಿ ಅದಾವ!" ಶ್ರೇಯಾ ದಿಂಬಿನಲ್ಲಿ ಮುಖ ಮುಚ್ಚಿಕೊಂಡಳು. ಅದು ಆ ಕಂತಿಗೆ ನಮ್ಮ ಮನೆಯ ಮೊದಲ ಪ್ರತಿಕ್ರಿಯೆ.

ಹಾರುವುದು, ಹೊಡೆಯುವುದು ಹಾಗಿರಲಿ, ಈ ಹೀರೊನ ದೊಡ್ಡ ಶಕ್ತಿ ಏನೆಂದರೆ, ಅವನಿಗೆ ಎಲ್ಲವೂ ಕೇಳಿಸುತ್ತದೆ. ಮೂರು ಬೀದಿ ಆಚೆಯ ಪಿಸುಮಾತು, ಗೋಡೆಯೊಳಗಿನ ಇರುವೆ, ಎಲ್ಲವೂ. ಅದನ್ನು ನಾವು ನೋಡಲು ಕೂತದ್ದು ಏನೂ ಕೇಳಿಸದ ನಮ್ಮಪ್ಪನ ಪಕ್ಕದಲ್ಲಿ.

ಅಪ್ಪ ನಲವತ್ತು ವರ್ಷ ಯಂತ್ರಮಗ್ಗದ ಶೆಡ್ಡಿನಲ್ಲಿ ನಿಂತವನು. ಹನ್ನೆರಡು ಮಗ್ಗ ಒಟ್ಟಿಗೆ ಬಡಿಯುವ ಸದ್ದು ಅವನ ಕಿವಿಯನ್ನು ದಿನಕ್ಕಿಷ್ಟು ಅಂತ ತಿಂದು ಮುಗಿಸಿತು. ಈಗ ಶೆಡ್ಡು ಬೇರೆಯವರ ಕೈಯಲ್ಲಿದೆ, ಅಪ್ಪ ಮನೆಯಲ್ಲಿದ್ದಾನೆ, ಆದರೆ ಮಾತಿಗೆ ಸಿಗುವುದಿಲ್ಲ. ಕಿವಿಯ ಮಷೀನು ತಂದುಕೊಟ್ಟು ಎರಡು ವರ್ಷವಾಯಿತು. ಅದು ದೇವರ ಪಟದ ಪಕ್ಕ ಡಬ್ಬಿಯಲ್ಲಿ, ಅನ್ನನೀರು ಬಿಟ್ಟು ಸಲ್ಲೇಖನ ಹಿಡಿದವರಂತೆ ಕೂತಿದೆ. ಊರಿಗೆಲ್ಲ 'ಶ್' ಎನ್ನುವುದಕ್ಕೆ ಸಂಬಳ ತೆಗೆದುಕೊಳ್ಳುವ ನಾನು ತವರಿಗೆ ಬಂದರೆ ಬಸ್‌ಸ್ಟ್ಯಾಂಡಿನ ಕಂಡಕ್ಟರನಂತೆ ಕಿರುಚಬೇಕು. ಕಿರುಚಿ ಕಿರುಚಿ 'ಊಟ ಆತೇನು, ಗುಳಿಗಿ ತಗೊಂಡಿಯೇನು' ಎಂಬೆರಡು ಮಾತಿಗೇ ಗಂಟಲು ಸೋಲುತ್ತದೆ. ಅಪ್ಪ ನನ್ನಿಂದ ದೂರವಾಗುತ್ತಿದ್ದಾನೆ ಎಂಬ ದಿಗಿಲು ನನಗೆ. ಈ ಸಲ ಆ ಮಷೀನು ಹಾಕಿಸಿಯೇ ಹೊರಡುವುದೆಂದು ನಿಶ್ಚಯಿಸಿಕೊಂಡು ಬಂದಿದ್ದೆ.

ಅಪ್ಪನ ಹತ್ತಿರ ಅದಕ್ಕೂ ಶಾಸ್ತ್ರಾಧಾರವಿದೆ. ನಮ್ಮ ಜೈನಶಾಸ್ತ್ರ ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇರಿಸುತ್ತದೆ. ಗಿಡಕ್ಕೆ ಸ್ಪರ್ಶ ಒಂದೇ. ಹುಳಕ್ಕೆ ರುಚಿಯೂ ಉಂಟು. ಇರುವೆಗೆ ವಾಸನೆ, ನೊಣಕ್ಕೆ ಕಣ್ಣು. ಎಲ್ಲಕ್ಕಿಂತ ಕೊನೆಗೆ, ಐದನೆಯದಾಗಿ ಬರುವುದೇ ಕಿವಿ. "ನಾ ಒಂದ ಮೆಟ್ಟಲ ಇಳದೇನಿ, ಅಷ್ಟ. ಈಗ ನೊಣದ ಪೈಕಿ. ನೊಣಕ್ಕ ಯಾರರ ಮಷೀನ್ ಹಾಕತಾರೇನ?" ಎಂದು ನಗುತ್ತಾನೆ. ಶಾಸ್ತ್ರ ಬಲ್ಲವರೊಡನೆ ವಾದ ಮಾಡುವುದು ಕಷ್ಟ, ಅದರಲ್ಲೂ ಅವರಿಗೆ ನಮ್ಮ ವಾದ ಕೇಳಿಸದಿದ್ದರೆ.

ಕಂತು ಶುರುವಾಯಿತು. ಹುಡುಗನಿಗೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಇಡೀ ಮಹಾನಗರವೇ ಕೇಳಿಸತೊಡಗಿ, ಅವನು ಎರಡೂ ಕಿವಿ ಒತ್ತಿಕೊಂಡು ನಡುರಸ್ತೆಯಲ್ಲಿ ಕುಸಿದ. ಶ್ರೇಯಾಳ ಕಣ್ಣು ತುಂಬಿದವು. ಅಪ್ಪ ಮಾತ್ರ ಕುರ್ಚಿಯಲ್ಲಿ ಮುಂದೆ ಬಾಗಿ ದೊಡ್ಡ ದನಿಯಲ್ಲಿ ತೀರ್ಪು ಕೊಟ್ಟ: "ಇಂವನ್ನ ಒಂದ ವಾರ ನಮ್ಮ ಶೆಡ್ಡಿಗೆ ಕಳಸ್ರಿ. ಎಲ್ಲಾ ಸರಿ ಆಗತೈತಿ." ಮುಂದೆ ಹುಡುಗ ಕಳ್ಳರನ್ನು ಗೋಡೆಗೆ ಅಪ್ಪಳಿಸಿದಾಗ ಅವ್ವನಿಗೆ ಸಿಟ್ಟು ಬಂತು. "ಇಷ್ಟ ಶಕ್ತಿ ಇದ್ದಂವ ಸುಮ್ನ ನಿಂದ್ರಬೇಕಪಾ. ಹೊಡಿಯಾಕ ಯಾರಿಗರ ಬರತೈತಿ." ಮೈಗೆ ಬಳ್ಳಿ ಹಬ್ಬಿದರೂ ಅಲುಗದೆ ನಿಂತ ಮೂರ್ತಿಗೆ ಹುಟ್ಟಿದಾಗಿನಿಂದ ಕೈಮುಗಿದವಳಿಗೆ ಹಾರಾಡುವ ಹೀರೊ ಸ್ವಲ್ಪ ಚಂಚಲನಾಗಿ ಕಂಡರೆ ತಪ್ಪೇನು?

ಕೊನೆಗೆ ಸೋದರಮಾವ ಹೇಳಿದ ಆ ಬಿಲ್ಡಿಂಗು ಬಂತು. ಹುಡುಗ ಜಾರಿದ, ಬಿದ್ದ. ನೆಲ ಇನ್ನೇನು ಬಂತು ಎನ್ನುವಾಗ ಗಾಳಿಯಲ್ಲಿ ನಿಂತುಬಿಟ್ಟ. ಅವ್ವ ಅದೇ ಕ್ಷಣ ರಿಮೋಟ್ ಒತ್ತಿದಳು.

"ಆಜೀ!" ಎಂದು ಶ್ರೇಯಾ ಚೀರಿದಳು.

"ಹೊತ್ತ ಮುಳಗಾಕತ್ತೈತಿ. ಮೊದಲ ಉಣ್ಣರಿ. ಅಂವ ಎಲ್ಲಿ ಹೊಕ್ಕಾನ, ಅಲ್ಲೇ ಇರತಾನ."

ಹೊತ್ತು ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಉಣ್ಣುವುದಿಲ್ಲ. ಜಗತ್ತನ್ನು ಉಳಿಸುವ ಕೆಲಸವೂ ಅದಕ್ಕಾಗಿ ಕಾಯಬೇಕು. ರೊಟ್ಟಿ, ಮಡಕಿಕಾಳಿನ ಪಲ್ಯ, ಮಜ್ಜಿಗೆ. ಪಡುವಣ ಕಿಟಕಿಯಿಂದ ಬಂದ ಬಿಸಿಲು ಗೋಡೆಯ ಮೇಲೆ ಮೆಲ್ಲಗೆ ಜರುಗುತ್ತಿತ್ತು. ಗಲ್ಲಿಯ ಮಗ್ಗಗಳು ಖಟ್ ಖಟ್ ಎನ್ನುತ್ತಿದ್ದವು. ಟಿವಿಯಲ್ಲಿ ಆ ಹುಡುಗ ಕೈ ಚಾಚಿ, ಬೀಳದೆ ಹಾರದೆ, ನಮ್ಮ ತಾಟುಗಳ ಮೇಲೆ ತೇಲಿಕೊಂಡಿದ್ದ. ನನಗೆ ತುಸು ಜೊಂಪು ಹತ್ತಿದಂತಾಯಿತು. ಇಡೀ ಬಾಲ್ಯವನ್ನು ಈ ಸದ್ದಿನಲ್ಲೇ ನಿದ್ದೆ ಮಾಡಿ ಕಳೆದವಳು ನಾನು. ಕೊಲ್ಹಾಪುರದ ನಿಶ್ಶಬ್ದದಲ್ಲಿ ನನಗೆ ಈಗಲೂ ಸರಿಯಾಗಿ ನಿದ್ದೆ ಬರುವುದಿಲ್ಲ.

ಊಟವಾದ ಮೇಲೆ ಹುಡುಗನನ್ನು ಗಾಳಿಯಿಂದ ಇಳಿಸಿದೆವು. ಅವನು ಒಂದು ಮಾಳಿಗೆಯ ಮೇಲೆ ಕಣ್ಣು ಮುಚ್ಚಿ ಕೂತ. ಊರಿನ ಲಕ್ಷ ಸದ್ದುಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸುತ್ತ ಹೋಗಿ, ಕೊನೆಗೆ ದೂರದ ಊರಿನಲ್ಲಿ ತನ್ನ ತಾಯಿ ಅಕ್ಕಿ ಆರಿಸುತ್ತ ತನ್ನಷ್ಟಕ್ಕೆ ಗುನುಗುವುದನ್ನು ಕೇಳಿಸಿಕೊಂಡ. ಪರದೆಯ ಮೇಲೆ ಏನೂ ನಡೆಯುವುದಿಲ್ಲ, ಬರೀ ಅವನ ಮುಖ. ಆಗ ಅಪ್ಪನ ಮುಖ ನೋಡಿದೆ. ಅವನ ಕಣ್ಣಲ್ಲಿ ನೀರು. ನನಗೆ ಅರ್ಥವಾಗಲಿಲ್ಲ. ಆ ಗುನುಗು ಇವನಿಗೆ ಹೇಗೆ ಗೊತ್ತಾಯಿತು?

ಆಗ ಮೊದಲ ಸಲ ಮುಖ ಬಿಟ್ಟು ಕೆಳಗೆ ನೋಡಿದೆ. ಅವ್ವನ ಕೈ ಅವಳ ಮಡಿಲಲ್ಲಿ ಆಡುತ್ತಿತ್ತು. ಎರಡು ಬೆರಳು ಮೇಲಕ್ಕೆ, ಅಂಗೈ ಎದೆಗೆ, ಮತ್ತೆ ಅಕ್ಕಿ ಆರಿಸುವ ಹಾಗೆ. ಅಪ್ಪ ಹೆಬ್ಬೆರಳು ಮಡಚಿ ಏನೋ ಕೇಳಿದ. ಅವ್ವ ಮಣಿಕಟ್ಟು ತಿರುಗಿಸಿ ಉತ್ತರ ಕೊಟ್ಟಳು. ಕಂತಿನ ಉದ್ದಕ್ಕೂ ಇದು ನಡೆದೇ ಇತ್ತು. ಹುಟ್ಟಿದಾಗಿನಿಂದಲೂ ನಡೆದೇ ಇತ್ತು, ನಾನು ಅದನ್ನು ಅವ್ವನ ಕೈಚಾಳಿ ಎಂದುಕೊಂಡಿದ್ದೆ. ಮುಖ ಓದುವ ಪಂಡಿತೆಗೆ ಐವತ್ತು ವರ್ಷ ಕೈ ಕಾಣಲಿಲ್ಲ.

"ಇದೇನ ಅವ್ವಾ?"

"ಶೆಡ್ಡಿನ್ಯಾಗಿಂದ. ನಾ ಈ ಕಡೆ ನೂಲ ಸುತ್ತತಿದ್ದೆ, ನಿಮ್ಮಪ್ಪ ಆ ಕಡೆ ಮಗ್ಗದಾಗ. ನಡುವ ಅಷ್ಟ ಸಪ್ಪಳ. ಬಾಯಿಲೆ ಹೇಳಿದ್ರ ಯಾರಿಗೆ ಕೇಳಸಬೇಕ?"

"ದಿನಾ ಅಷ್ಟೊತ್ತು ಏನ ಮಾತಾಡತಿದ್ರಿ?"

"ಮತ್ತೇನ, ನಿಂದ ಸುದ್ದಿ. ಎದ್ದಾಳ, ಅಳಾಕತ್ತಾಳ, ನಕ್ಕಳು." ಅವ್ವ ತೋರುಬೆರಳನ್ನು ಎತ್ತಿ ಅತ್ತಿತ್ತ ಮೆಲ್ಲಗೆ ತೂಗಿದಳು. "ಇದ ನೀ. ಅಲ್ಲೇ ಕಂಬಕ್ಕ ಸೀರಿ ಜೋಲಿ ಕಟ್ಟಿದ್ದೆ. ನಿನಗ ಹೆಸರ ಇಡೂಕಿಂತ ಮೊದಲ ಇದ ಹೆಸರ."

ಎದ್ದು ದೇವರ ಪಟದ ಹತ್ತಿರ ಹೋದೆ. ಮಷೀನಿನ ಡಬ್ಬಿಯನ್ನು ಕೈಗೆ ತೆಗೆದುಕೊಂಡು ಏನು ಮಾಡಬೇಕೋ ತಿಳಿಯದೆ ಅಪ್ಪನ ಮುಂದೆ ನಿಂತೆ. ಅಪ್ಪ ಡಬ್ಬಿ ನೋಡಿ, ನನ್ನನ್ನು ನೋಡಿ, ಅವ್ವನಿಗೆ ಕೈಯಲ್ಲೇ ಒಂದು ಉದ್ದ ವಾಕ್ಯ ಹೇಳಿದ.

"ಏನಂದ?"

"ಬರೂ ರವಿವಾರ ಎರಡನೇ ಕಂತಿಗೆ ಮಷೀನ್ ಹಾಕ್ಕೋತಾರಂತ. ಆದ್ರ ಅಷ್ಟರಾಗ ನೀ ಹತ್ತ ಮಾತ ಕೈಲೆ ಕಲತಿರಬೇಕಂತ. ಬರೇ ಇವರ ಕಿವಿ ರಿಪೇರಿ ಮಾಡಿದ್ರ ಹ್ಯಾಂಗ ಅಂತ ಕೇಳಾಕತ್ತಾರ."

ಶ್ರೇಯಾ ಆ ಸಂಜೆ ತನ್ನ ಪ್ರತಿಕ್ರಿಯೆ ಬರೆಯಲಿಲ್ಲ. ಅಜ್ಜನ ಎದುರು ಕೂತು 'ನೀರು' ಎಂದು ಹೇಳುವುದನ್ನು ಕಲಿಯುತ್ತ ಕಂತನ್ನೇ ಮರೆತಳು.

ಹೊರಟಾಗ ದೀಪ ಹತ್ತಿದ್ದವು. ರಿಕ್ಷಾ ಗಲ್ಲಿಯ ತುದಿಯಲ್ಲಿತ್ತು, ಅಪ್ಪ ಬಾಗಿಲಲ್ಲಿದ್ದ, ನಡುವೆ ಎರಡೂ ಕಡೆಯ ಶೆಡ್ಡುಗಳ ಮಗ್ಗಗಳು ಒಂದೇ ಸಮನೆ ಬಡಿಯುತ್ತಿದ್ದವು. ಅಲ್ಲಿ ಯಾರ ಕಿವಿಯೂ ಕೆಲಸಕ್ಕೆ ಬಾರದು. ಅಭ್ಯಾಸಬಲದಿಂದ ಕೂಗಲು ಬಾಯಿ ತೆರೆದು ಹಿಂತಿರುಗಿದೆ. ಅಪ್ಪ ತೋರುಬೆರಳು ಎತ್ತಿ ಮೆಲ್ಲಗೆ ಅತ್ತಿತ್ತ ತೂಗಿದ. ಅಷ್ಟು ಸದ್ದಿನಲ್ಲೂ ಅವನು ನನ್ನ ಹೆಸರು ಹಿಡಿದು ಕರೆದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.